ಸಭೆ ತುಂಬಿದರೆ ಮತಪೆಟ್ಟಿಗೆಯೂ ತುಂಬುತ್ತದೆಯೇ?

ಪ್ರಶ್ನೆ: ನನ್ನ ಸೋದರಳಿಯ ನ್ಯೂಯಾರ್ಕ್‌ನಲ್ಲಿ ಎಚ್‌-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 2025ರ ಜೂನ್‌ನಲ್ಲಿ ಅಲ್ಲಿನ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ನಡೆದಾಗ ಅವನ ಬಾಯಲ್ಲಿ ಜೊಹ್ರಾನ್ ಮಮ್ದಾನಿಯವರ ಹೊರತು ಬೇರೆ ಮಾತೇ ಇರಲಿಲ್ಲ. ಅವರು ಗೆದ್ದೂ ಬಿಟ್ಟರು. ಆದರೆ 2016ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅದೇ ಪಕ್ಷದ ಟಿಕೆಟ್ ಕೇಳಿದ್ದ ಬರ್ನಿ ಸ್ಯಾಂಡರ್ಸ್ ಅವರ ಸಭೆಗಳಿಗೂ ಯುವಜನರು ಹೀಗೆಯೇ ಕಿಕ್ಕಿರಿದು ಸೇರುತ್ತಿದ್ದರು, ಅವರು ಸೋತರು. ಒಂದೇ ಬಗೆಯ ಉತ್ಸಾಹ ಒಬ್ಬರನ್ನು ಗೆಲ್ಲಿಸಿ ಇನ್ನೊಬ್ಬರನ್ನು ಕೈಬಿಡುವುದೇಕೆ? ಅದನ್ನು ಅಳೆಯುವುದು ಹೇಗೆ? ನಮ್ಮ ಪಕ್ಷಗಳಲ್ಲಿ ಇಂಥ ಪ್ರೈಮರಿ ಏಕಿಲ್ಲ?

ಉತ್ತರ: ಮತ ಎಣಿಸುವವರಿಗೆ ಉತ್ಸಾಹ ಕಾಣುವುದಿಲ್ಲ. ರಾತ್ರಿಯಿಡೀ ಭಿತ್ತಿಪತ್ರ ಅಂಟಿಸಿದವನದೂ ಒಂದೇ ಮತ, ಅಂಗಡಿಗೆ ಹೋಗುವ ದಾರಿಯಲ್ಲಿ ಮತಗಟ್ಟೆ ಕಂಡಿತೆಂದು ಒಳಗೆ ಹೊಕ್ಕವನದೂ ಒಂದೇ ಮತ. ಆದ್ದರಿಂದ ಉತ್ಸಾಹಿಯ ಬೆಲೆಯನ್ನು ಅವನ ಸ್ವಂತ ಮತದಲ್ಲಿ ಹುಡುಕಬಾರದು. ಉತ್ಸಾಹವೇ ಇಲ್ಲದ ಎಷ್ಟು ಜನರನ್ನು ಅವನು ಗಡುವಿನೊಳಗೆ ಮತದಾರರ ಪಟ್ಟಿಗೆ ಸೇರಿಸಿದ, ಆಮೇಲೆ ಮತಗಟ್ಟೆಯ ಬಾಗಿಲಿಗೆ ತಲುಪಿಸಿದ ಎಂಬುದರಲ್ಲಿ ಹುಡುಕಬೇಕು. ಹಾಗೆ ತಲುಪಿಸಲು ಎಷ್ಟು ಅವಕಾಶವಿದೆ ಎಂಬುದನ್ನು ಆಯಾ ರಾಜ್ಯದ ನಿಯಮ ನಿರ್ಧರಿಸುತ್ತದೆ. ಸ್ಯಾಂಡರ್ಸ್ ಮತ್ತು ಮಮ್ದಾನಿ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಭಾಷಣ, ವರ್ಚಸ್ಸು, ವಯಸ್ಸು ಎಲ್ಲ ಆಮೇಲಿನ ಮಾತು.

ಪ್ರೈಮರಿ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ಬದಲು ಮತದಾರರೇ ತೀರ್ಮಾನಿಸುವ ಚುನಾವಣೆ. ಸರ್ಕಾರಿ ಯಂತ್ರವೇ ಅದನ್ನು ನಡೆಸುತ್ತದೆ. ಆದರೆ ಯಾವ ಮತದಾರರು ಎಂಬಲ್ಲಿ ರಾಜ್ಯಕ್ಕೊಂದು ಪದ್ಧತಿ. ಮಿಷಿಗನ್‌ನಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ನ್ಯೂಯಾರ್ಕ್‌ನಲ್ಲಿ ಆ ಪಕ್ಷದವರೆಂದು ಮೊದಲೇ ಹೆಸರು ಬರೆಸಿಕೊಂಡವರು ಮಾತ್ರ. ಕೆಲವು ರಾಜ್ಯಗಳಲ್ಲಿ ಪ್ರೈಮರಿಯ ಬದಲು ಕಾಕಸ್ ಇರುತ್ತಿತ್ತು: ಶಾಲೆಯಲ್ಲೋ ಸಮುದಾಯ ಭವನದಲ್ಲೋ ನೆರೆಹೊರೆಯವರು ಗಂಟೆಗಟ್ಟಲೆ ಕುಳಿತು, ವಾದಿಸಿ, ಬಹಿರಂಗವಾಗಿ ಗುಂಪು ಕಟ್ಟಿ ನಿಂತು ತಮ್ಮ ಒಲವು ತೋರಿಸುವ ಸಭೆ.

2016ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ವಿಚಿತ್ರ ನಡೆಯಿತು. ಇದು ಸಿಯಾಟಲ್ ಇರುವ ಪಶ್ಚಿಮ ಕರಾವಳಿಯ ವಾಷಿಂಗ್ಟನ್. ಅಲ್ಲಿ ಮಾರ್ಚ್ 26ರಂದು ಡೆಮಾಕ್ರಟಿಕ್ ಕಾಕಸ್ ನಡೆಯಿತು. ಸ್ಯಾಂಡರ್ಸ್‌ಗೆ ಸುಮಾರು 73 ಪ್ರತಿಶತ, ಹಿಲರಿ ಕ್ಲಿಂಟನ್‌ಗೆ 27. ಭಾರಿ ಗೆಲುವು. ಎರಡು ತಿಂಗಳ ನಂತರ, ಮೇ 24ರಂದು, ಅದೇ ರಾಜ್ಯದಲ್ಲಿ ಅದೇ ಇಬ್ಬರ ನಡುವೆ ಪ್ರೈಮರಿಯೂ ನಡೆಯಿತು. ರಾಜ್ಯದ ಕಾನೂನಿನಂತೆ ನಡೆಯಲೇಬೇಕಿತ್ತು, ಆದರೆ ಡೆಮಾಕ್ರಟಿಕ್ ಪಕ್ಷ ಅದರ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದರಲ್ಲಿ ಕ್ಲಿಂಟನ್ 52–48ರ ಅಂತರದಲ್ಲಿ ಗೆದ್ದರು. ಕಾಕಸ್‌ಗೆ ಬಂದವರು ಸುಮಾರು 2,30,000 ಜನ. ಅಂಚೆಯಲ್ಲಿ ಮತ ಕಳುಹಿಸಬಹುದಾಗಿದ್ದ, ಯಾವ ಪರಿಣಾಮವೂ ಇಲ್ಲದ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಮತಗಳೇ 8 ಲಕ್ಷ.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಭ್ಯರ್ಥಿಗಳು ಬದಲಾಗಲಿಲ್ಲ, ರಾಜ್ಯ ಬದಲಾಗಲಿಲ್ಲ, ಎರಡು ತಿಂಗಳಲ್ಲಿ ಜನರ ಮನಸ್ಸು ಅಷ್ಟೊಂದು ತಿರುಗಿತೆಂದೂ ಹೇಳಲಾಗದು. ಮತ ಹಾಕಲು ತೆರಬೇಕಾದ ಕಷ್ಟ ಬದಲಾಯಿತು. ಶನಿವಾರದ ಅರ್ಧ ದಿನ ಕೊಡಬೇಕಾದಾಗ ಉತ್ಸಾಹಿಗಳಷ್ಟೇ ಉಳಿದರು. ಲಕೋಟೆ ಅಂಟಿಸಿದರೆ ಸಾಕು ಎಂದಾಗ ಉಳಿದವರೂ ಬಂದರು, ಮುನ್ನಡೆ ಕರಗಿತು. ನೆಬ್ರಾಸ್ಕಾದಲ್ಲೂ ಆ ವರ್ಷ ಹೀಗೇ ಆಯಿತು. ಕಾಕಸ್ ಗೆದ್ದದ್ದು ಸ್ಯಾಂಡರ್ಸ್, ಲೆಕ್ಕಕ್ಕಿಲ್ಲದ ಪ್ರೈಮರಿ ಗೆದ್ದದ್ದು ಕ್ಲಿಂಟನ್. 2020ರ ಹೊತ್ತಿಗೆ ವಾಷಿಂಗ್ಟನ್‌ನ ಡೆಮಾಕ್ರಟರು ಕಾಕಸ್ ಬಿಟ್ಟು ಪ್ರೈಮರಿಗೆ ಬಂದಿದ್ದರು. ಸ್ಯಾಂಡರ್ಸ್ ಅಲ್ಲಿ ಜೋ ಬೈಡನ್ ಎದುರು ಕೂದಲೆಳೆಯಷ್ಟು ಹಿಂದೆ ಬಿದ್ದರು. ತಮ್ಮ ಅಭ್ಯರ್ಥಿಗೆ ಪಕ್ಷ ಮೋಸ ಮಾಡಿತು ಎಂದು ಸ್ಯಾಂಡರ್ಸ್ ಬೆಂಬಲಿಗರು ಇಂದಿಗೂ ಹೇಳುತ್ತಾರೆ. ಅವರ ದೂರಿನಲ್ಲಿ ಹುರುಳಿಲ್ಲ ಎನ್ನುವವನಲ್ಲ ನಾನು. ಆದರೆ ಕಾಕಸ್ ಎಂಬ ಪದ್ಧತಿ ಅವರಿಗೆ ಎಷ್ಟು ಅನುಕೂಲ ಮಾಡಿಕೊಟ್ಟಿತ್ತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಇನ್ನು ನ್ಯೂಯಾರ್ಕ್ ರಾಜ್ಯ. 2016ರ ಏಪ್ರಿಲ್ 13ರಂದು ಮ್ಯಾನ್‌ಹಟನ್‌ನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದಲ್ಲಿ ಸ್ಯಾಂಡರ್ಸ್ ಸಭೆ. 27,000 ಜನ ಸೇರಿದ್ದರೆಂದು ಅವರ ತಂಡ ಹೇಳಿತು. ಆರು ದಿನಗಳ ನಂತರ ಪ್ರೈಮರಿಯಲ್ಲಿ ಅವರು 58–42ರಲ್ಲಿ ಸೋತರು. ಆ ಸಭೆಯಲ್ಲಿ ಕೂಗಿದವರಲ್ಲಿ ಅನೇಕರಿಗೆ ಮತವೇ ಇರಲಿಲ್ಲ. ಬೇರೆ ಪಕ್ಷದಲ್ಲೋ ಯಾವ ಪಕ್ಷದಲ್ಲೂ ಇಲ್ಲದವರೆಂದೋ ಹೆಸರು ಬರೆಸಿದ್ದವರು ಡೆಮಾಕ್ರಟರಾಗಿ ಬದಲಾಯಿಸಿಕೊಳ್ಳಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು, ಅಂದರೆ ಆರು ತಿಂಗಳಿಗೂ ಹಿಂದೆ. ಅಷ್ಟು ಮೊದಲು ಸ್ಯಾಂಡರ್ಸ್ ಹೆಸರನ್ನೇ ಸರಿಯಾಗಿ ಕೇಳದಿದ್ದವರು ಎಷ್ಟೋ ಮಂದಿ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಅವರ ಉತ್ಸಾಹ. ಈ ಗಡುವು ಯಾರನ್ನೂ ಬಿಡಲಿಲ್ಲ: ರಿಪಬ್ಲಿಕನ್ ಪ್ರೈಮರಿಯಲ್ಲಿ ಕಣದಲ್ಲಿದ್ದ ಡೊನಾಲ್ಡ್ ಟ್ರಂಪ್ ಅವರ ಮಗಳು ಇವಾಂಕಾ ಮತ್ತು ಮಗ ಎರಿಕ್ ಕೂಡ ಸಮಯಕ್ಕೆ ಪಕ್ಷಕ್ಕೆ ಹೆಸರು ಬರೆಸದೆ ತಂದೆಗೆ ಮತ ಹಾಕಲಾಗದೆ ಉಳಿದರು.

ಹಾಗಾದರೆ ಅದೇ ನ್ಯೂಯಾರ್ಕ್‌ನಲ್ಲಿ, ಹೆಚ್ಚುಕಡಿಮೆ ಅದೇ ಕಟ್ಟುನಿಟ್ಟಿನ ನಿಯಮದ ಅಡಿಯಲ್ಲಿ, 2018ರಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಗೆದ್ದದ್ದು ಹೇಗೆ? ಅವರು ಸ್ಯಾಂಡರ್ಸ್ ಪ್ರಚಾರದಲ್ಲಿ ದುಡಿದಿದ್ದವರು, ವಯಸ್ಸು 28, ಹೊಟ್ಟೆಪಾಡಿಗೆ ಬಾರ್‌ನಲ್ಲಿ ಕೆಲಸ. ಎದುರಾಳಿ ಜೋ ಕ್ರೌಲಿ ಹತ್ತು ಅವಧಿಯ ಸಂಸದ, ಕೆಳಮನೆಯ ಡೆಮಾಕ್ರಟರಲ್ಲಿ ನಾಲ್ಕನೇ ಸ್ಥಾನದ ನಾಯಕ, ಕ್ವೀನ್ಸ್ ಜಿಲ್ಲೆಯ ಪಕ್ಷದ ಅಧ್ಯಕ್ಷ. 2004ರಿಂದ ಅವರಿಗೆ ಪ್ರೈಮರಿಯಲ್ಲಿ ಎದುರಾಳಿಯೇ ಇರಲಿಲ್ಲ. ಜೂನ್ 26ರ ಫಲಿತಾಂಶ: ಅಲೆಕ್ಸಾಂಡ್ರಿಯಾ 16,898, ಕ್ರೌಲಿ 12,880.

ಈ ಸಂಖ್ಯೆಗಳನ್ನು ನಮ್ಮ ಕಣ್ಣಿನಿಂದ ನೋಡಬೇಕು. ಏಳು ಲಕ್ಷ ಜನಸಂಖ್ಯೆಯ ಸಂಸತ್ ಕ್ಷೇತ್ರ. ಡೆಮಾಕ್ರಟರೆಂದು ಹೆಸರು ಬರೆಸಿದವರೇ ಎರಡು ಲಕ್ಷಕ್ಕೂ ಹೆಚ್ಚು. ಮತ ಹಾಕಿದವರು ಮೂವತ್ತು ಸಾವಿರವೂ ಇಲ್ಲ. ಕರ್ನಾಟಕದ ಸಾಮಾನ್ಯ ವಿಧಾನಸಭಾ ಕ್ಷೇತ್ರದಲ್ಲಿ 16,898 ಮತ ಪಡೆದವರಿಗೆ ಠೇವಣಿ ಉಳಿಯುವುದೂ ಅನುಮಾನ. ಅಲ್ಲಿ ಅಷ್ಟು ಮತ ಪಕ್ಷದ ಭಾವಿ ನಾಯಕನೊಬ್ಬನನ್ನು ಮನೆಗೆ ಕಳುಹಿಸಿತು. ಕ್ಷೇತ್ರ ಇಷ್ಟು ಚಿಕ್ಕದಾಗಿ ಕುಗ್ಗಿದಾಗ ಉತ್ಸಾಹಿಗಳ ಶ್ರಮಕ್ಕೆ ಅಸಾಧಾರಣ ಬೆಲೆ ಬರುತ್ತದೆ. ಕೆಲವು ನೂರು ಸ್ವಯಂಸೇವಕರು ಒಬ್ಬೊಬ್ಬರು ಇಪ್ಪತ್ತು ಮತಗಳನ್ನು ಖಚಿತಪಡಿಸಿದರೂ ಅಂತರದ ಲೆಕ್ಕ ಮುಗಿಯುತ್ತದೆ. ಸ್ಯಾಂಡರ್ಸ್ ಸೋತ ಪ್ರೈಮರಿಯಲ್ಲಿ ಇಡೀ ರಾಜ್ಯದ ಹತ್ತೊಂಬತ್ತು ಲಕ್ಷದಷ್ಟು ಡೆಮಾಕ್ರಟರು ಮತ ಹಾಕಿದ್ದರು.

ಇನ್ನೊಂದು ಕಡೆಯನ್ನೂ ನೋಡಬೇಕು. ಕ್ರೌಲಿಯವರನ್ನು ಜನ ದ್ವೇಷಿಸುತ್ತಿರಲಿಲ್ಲ. ಅವರ ತಂಡದ ಸ್ವಂತ ಸಮೀಕ್ಷೆ 36 ಶೇಕಡಾ ಅಂಶಗಳ ಮುನ್ನಡೆ ತೋರಿಸಿತ್ತು. ಚರ್ಚೆಯೊಂದಕ್ಕೆ ಅವರು ತಾವು ಬಾರದೆ ತಮ್ಮ ಪರವಾಗಿ ಬೇರೊಬ್ಬ ರಾಜಕಾರಣಿಯನ್ನು ಕಳುಹಿಸಿದರು. ಸಂಸದರು ಒಳ್ಳೆಯವರೇ ಎಂದು ಸಮೀಕ್ಷೆಗೆ ಹೇಳಿದವರು ಜೂನ್ ತಿಂಗಳ ಒಂದು ಮಂಗಳವಾರ ಅವರಿಗಾಗಿ ಮನೆ ಬಿಟ್ಟು ಹೊರಡಲಿಲ್ಲ, ಅಷ್ಟೆ. ಹಾಲಿ ಪ್ರತಿನಿಧಿಯ ನಿಜವಾದ ಶತ್ರು ಇದು. ಬೆಂಬಲ ಇರುತ್ತದೆ, ಕಾಳಜಿ ಇರುವುದಿಲ್ಲ.

ಸಮೀಕ್ಷೆಗಳು ಇಂಥ ಕಡೆ ಮುಗ್ಗರಿಸುವುದಕ್ಕೂ ಕಾರಣ ಇದೆ. ಸಮೀಕ್ಷೆ ಮಾಡುವವರು ಹಿಂದಿನ ಪ್ರೈಮರಿಗಳಲ್ಲಿ ಮತ ಹಾಕಿದವರನ್ನೇ ಹೆಚ್ಚಾಗಿ ಕೇಳುತ್ತಾರೆ. ಸ್ಯಾಂಡರ್ಸ್ ಥರದ ಪ್ರಗತಿಪರ, ಅಂದರೆ ಪಕ್ಷದ ಎಡಪಂಥೀಯ ಬಣದ ಸ್ಪರ್ಧಿ ನಂಬಿರುವುದು ಹಿಂದೆ ಎಂದೂ ಬಾರದವರನ್ನು. ಅವರು ಬರದಿದ್ದರೆ ಸಮೀಕ್ಷೆ ಸರಿ. ಬಂದರೆ ಪೂರ್ತಿ ತಪ್ಪು. 2018ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಅಯಾನಾ ಪ್ರೆಸ್ಲಿ ಹಾಲಿ ಸಂಸದ ಮೈಕ್ ಕಪುವಾನೊಗಿಂತ 13 ಅಂಶ ಹಿಂದಿದ್ದಾರೆ ಎಂದು ಸಮೀಕ್ಷೆ ಹೇಳಿತ್ತು. 17 ಅಂಶಗಳಿಂದ ಅವರೇ ಗೆದ್ದರು.

ಈಗ ನಿಮ್ಮ ಸೋದರಳಿಯನ ಮಮ್ದಾನಿಯವರಿಗೆ ಬರೋಣ. ಅವರ ಗೆಲುವನ್ನು ಕೇವಲ ಯುವಜನರ ಅಲೆ, ಚಂದದ ವಿಡಿಯೊಗಳು ಎಂದು ವರ್ಣಿಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ವಿಡಿಯೊ ನೋಡಿ ಮೆಚ್ಚಿದವರು ಪ್ರಪಂಚದಾದ್ಯಂತ ಇದ್ದರು, ಮೈಸೂರಿನಲ್ಲೂ ಇದ್ದರು. ಅವರ ಮತ ನ್ಯೂಯಾರ್ಕ್‌ನಲ್ಲಿ ಬೀಳುವುದಿಲ್ಲ.

ಕ್ವೀನ್ಸ್‌ನ ಅಸ್ಟೋರಿಯಾದ ಶಾಸಕರಾಗಿದ್ದ ಅವರು 2020ರಲ್ಲಿ ತಾವೇ ಒಬ್ಬ ಹಾಲಿ ಶಾಸಕಿಯನ್ನು ಪ್ರೈಮರಿಯಲ್ಲಿ 500ಕ್ಕೂ ಕಡಿಮೆ ಮತಗಳಿಂದ ಸೋಲಿಸಿ ಬಂದವರು. ಒಂದೊಂದು ಬಾಗಿಲಿನ ಬೆಲೆ ಅವರಿಗೆ ಗೊತ್ತಿತ್ತು. 2025ರ ಫೆಬ್ರುವರಿಯಲ್ಲಿ ಸಮೀಕ್ಷೆಗಳು ಅವರಿಗೆ 1 ಪ್ರತಿಶತ ಕೊಡುತ್ತಿದ್ದವು. ಎದುರಿಗೆ ಇದ್ದವರು 2021ರಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟಿದ್ದರೂ ಹೆಸರು ಮನೆಮಾತಾಗಿದ್ದ ಮಾಜಿ ರಾಜ್ಯಪಾಲ (ಅಲ್ಲಿ ಅದು ನಮ್ಮ ಮುಖ್ಯಮಂತ್ರಿಯಂಥ ಚುನಾಯಿತ ಹುದ್ದೆ) ಆಂಡ್ರ್ಯೂ ಕ್ಯುಮೊ. ಮಮ್ದಾನಿ ಅದಕ್ಕೂ ಮೊದಲು, 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಬೆನ್ನಲ್ಲೇ, ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂ, ಬ್ರಾಂಕ್ಸ್‌ನ ಫೋರ್ಡಮ್ ರಸ್ತೆಗಳಲ್ಲಿ ಮೈಕ್ ಹಿಡಿದು ನಿಂತು, ಟ್ರಂಪ್‌ಗೆ ಏಕೆ ಮತ ಹಾಕಿದಿರಿ, ಅಥವಾ ಮತವನ್ನೇ ಏಕೆ ಹಾಕಲಿಲ್ಲ ಎಂದು ದಾರಿಹೋಕರನ್ನು ಕೇಳಿದ್ದರು. ಬಾಡಿಗೆ, ದಿನಸಿ, ಬಸ್ ದರ ಎಂದು ಜನ ಹೇಳಿದ್ದನ್ನೇ ಅವರು ಪ್ರಣಾಳಿಕೆ ಮಾಡಿದರು: ಬಾಡಿಗೆ ನಿಯಂತ್ರಣವಿರುವ ಸುಮಾರು 10 ಲಕ್ಷ ಮನೆಗಳ ಬಾಡಿಗೆ ಏರಿಸದಿರುವುದು, ಉಚಿತ ಬಸ್, ಎಲ್ಲ ಮಕ್ಕಳಿಗೂ ಶಿಶುಪಾಲನೆ. ಈ ಮೂರನ್ನು ಸ್ವಯಂಸೇವಕ ಬಾಗಿಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ಮನೆಮನೆ ಪ್ರಚಾರ ಮಾಡಿದವರಿಗೆ ಗೊತ್ತು, ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರೂ ಬಾಗಿಲು ತೆರೆದಿಟ್ಟುಕೊಂಡು ನಿಲ್ಲುವುದಿಲ್ಲ. ಅದರಲ್ಲಿ ಬಾಡಿಗೆಯ ಮಾತು ಪೊಳ್ಳು ಭರವಸೆಯೂ ಆಗಿರಲಿಲ್ಲ. ಆ ಮನೆಗಳ ಬಾಡಿಗೆ ನಿಗದಿ ಮಾಡುವ ಮಂಡಳಿಯ ಸದಸ್ಯರನ್ನು ನೇಮಿಸುವವರು ಮೇಯರ್ ಅವರೇ.

ನಗರದ ನಿಯಮಗಳೂ ಉತ್ಸಾಹಕ್ಕೆ ಒತ್ತಾಸೆಯಾದವು. ನ್ಯೂಯಾರ್ಕ್ ನಗರದಲ್ಲಿ ಸ್ಥಳೀಯ ನಿವಾಸಿ ಕೊಟ್ಟ ಸಣ್ಣ ದೇಣಿಗೆಗೆ ಸರ್ಕಾರ ಎಂಟು ಪಟ್ಟು ಸೇರಿಸಿ ಕೊಡುತ್ತದೆ. ಹತ್ತು ಡಾಲರ್ ಕೊಟ್ಟರೆ ಅಭ್ಯರ್ಥಿಗೆ ತೊಂಬತ್ತು ತಲುಪುತ್ತದೆ. ಮಾರ್ಚ್ ಮುಗಿಯುವ ಮೊದಲೇ ಮಮ್ದಾನಿ ಖರ್ಚಿನ ಮಿತಿಗೆ ಬೇಕಾದಷ್ಟು ಹಣ ಕೂಡಿಸಿ, ಇನ್ನು ಹಣ ಕಳುಹಿಸಬೇಡಿ, ಬಂದು ಬಾಗಿಲು ತಟ್ಟಿ ಎಂದು ಬೆಂಬಲಿಗರಿಗೆ ಹೇಳಿದರು. ಇಷ್ಟು ವರ್ಷ ಚುನಾವಣೆಗಳನ್ನು ನೋಡಿದವನಿಗೆ ಈ ಮಾತು ಯಾವ ಸಭೆಯ ಜನಸಂದಣಿಗಿಂತಲೂ ದೊಡ್ಡ ಸುಳಿವು. ಪ್ರಚಾರ ತಂಡದ ಲೆಕ್ಕದಂತೆ ಕೊನೆಗೆ ಸುಮಾರು 50,000 ಸ್ವಯಂಸೇವಕರು 15 ಲಕ್ಷಕ್ಕೂ ಹೆಚ್ಚು ಬಾಗಿಲು ತಟ್ಟಿದರು. ತಂಡದ ಲೆಕ್ಕ ಎಂದ ಮೇಲೆ ಸ್ವಲ್ಪ ಕಡಿತ ಮಾಡಿಯೇ ಓದಬೇಕು. ಕಡಿತ ಮಾಡಿದರೂ ಉಳಿಯುವುದು ಕಡಿಮೆಯೇನಲ್ಲ. ಮತದಾರರ ಪಟ್ಟಿ ಕೈಯಲ್ಲಿ ಹಿಡಿದು, ಡೆಮಾಕ್ರಟರೆಂದು ಹೆಸರಿರುವ ಮನೆಗಳಿಗೇ ಹೋಗಿ, ಬೆಂಬಲ, ಅನುಮಾನ, ವಿರೋಧ ಎಂದು ಗುರುತು ಹಾಕಿ, ಅನುಮಾನದ ಮನೆಗೆ ಮತ್ತೆ ಹೋಗುವ ಕೆಲಸ ಅದು. ಕ್ವೀನ್ಸ್‌ನ ಬಾಂಗ್ಲಾದೇಶಿ, ಪಾಕಿಸ್ತಾನಿ, ಪಂಜಾಬಿ ಬೀದಿಗಳಲ್ಲಿ ಈ ಕೆಲಸ ಬಂಗಾಳಿ, ಉರ್ದು, ಹಿಂದಿಗಳಲ್ಲಿ ನಡೆಯಿತು. ಹಿಂದಿನ ಪ್ರೈಮರಿಗಳಲ್ಲಿ ಆ ಮನೆಗಳ ಕರೆಗಂಟೆಯನ್ನು ಅಷ್ಟಾಗಿ ಯಾರೂ ಒತ್ತುತ್ತಿರಲಿಲ್ಲ.

ನಗರದ ಇನ್ನೊಂದು ನಿಯಮ ಆದ್ಯತಾ ಮತದಾನ. 2019ರ ಜನಮತದಿಂದ ಬಂದು 2021ರಲ್ಲಿ ಮೇಯರ್ ಪ್ರೈಮರಿಗೆ ಮೊದಲು ಬಳಕೆಯಾದ ಈ ಪದ್ಧತಿಯಲ್ಲಿ ಮತದಾರ ಐವರವರೆಗೆ ಕ್ರಮವಾಗಿ ಆಯ್ಕೆ ಮಾಡಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಗಳನ್ನು ಆ ಮತದಾರರ ಮುಂದಿನ ಆಯ್ಕೆಗೆ ಹಂಚುತ್ತಾರೆ. ಪ್ರಗತಿಪರ ಚಳವಳಿಗಳ ಹಳೆಯ ಕಾಯಿಲೆ, ನಮ್ಮ ನಾಡಿನಲ್ಲೂ ಪರಿಚಿತವೇ, ತಮ್ಮ ಪಕ್ಕದವರ ಮೇಲೆ ಎದುರಾಳಿಗಿಂತ ಹೆಚ್ಚು ಸಿಟ್ಟಾಗುವುದು. ಆದ್ಯತಾ ಮತದಾನದಲ್ಲಿ ಆ ಸಿಟ್ಟು ದುಬಾರಿ. ಪಕ್ಕದವನ ಬೆಂಬಲಿಗನ ಎರಡನೆಯ ಆಯ್ಕೆ ನಿಮಗೆ ಬೇಕು. ಮಮ್ದಾನಿ ಮತ್ತು ಅದೇ ಪ್ರೈಮರಿಯಲ್ಲಿ ಕಣದಲ್ಲಿದ್ದ, ಆಗ ನಗರದ ಲೆಕ್ಕಪತ್ರಾಧಿಕಾರಿಯಾಗಿದ್ದ ಬ್ರ್ಯಾಡ್ ಲ್ಯಾಂಡರ್ ಪರಸ್ಪರರನ್ನು ಎರಡನೆಯ ಆಯ್ಕೆಯಾಗಿ ಸೂಚಿಸಿ ಜೊತೆಯಾಗಿ ಪ್ರಚಾರ ಮಾಡಿದರು. ಜೂನ್ 24ರಂದು, ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದ ದಿನ, ಮೊದಲ ಆಯ್ಕೆಯಲ್ಲಿ ಮಮ್ದಾನಿಗೆ ಸುಮಾರು 43.8, ಕ್ಯುಮೊಗೆ 36 ಪ್ರತಿಶತ, ಲ್ಯಾಂಡರ್‌ಗೆ 11. ಆಯ್ಕೆಗಳನ್ನು ಹಂಚಿದ ಮೇಲೆ 56–44. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಎದುರಾಳಿಯ ಪರ ಸೂಪರ್ ಪ್ಯಾಕ್ (ಮಿತಿಯಿಲ್ಲದೆ ಹಣ ಕೂಡಿಸಿ ಪ್ರಚಾರಕ್ಕೆ ಖರ್ಚು ಮಾಡುವ ಹೊರಗಿನ ಸಂಸ್ಥೆ) ಒಂದೇ ಸುಮಾರು 2.5 ಕೋಟಿ ಡಾಲರ್ ಸುರಿದಿತ್ತು.

2018ರ ಮೂವತ್ತು ಸಾವಿರ ಮತದ ಗೆಲುವಿಗೂ ಇದಕ್ಕೂ ಇರುವ ಅಂತರ ಗಮನಿಸಿ. ಅಲ್ಲಿ ಮತದಾರರು ಬಾರದಿದ್ದುದರಿಂದ ಉತ್ಸಾಹ ಗೆದ್ದಿತು. ಇಲ್ಲಿ ಮತದಾರರು ಬಂದರು, ಆದರೂ ಗೆದ್ದಿತು. ಎರಡನೆಯದು ಬಹಳ ಅಪರೂಪ.

ಅಪರೂಪ ಎಂದೆ. ಅದಕ್ಕೆ ಉತ್ಸಾಹಿಗಳು ಮರೆಯಲು ಬಯಸುವ ಒಂದು ಊರು ಸಾಕ್ಷಿ, ನ್ಯೂಯಾರ್ಕ್ ರಾಜ್ಯದ ಬಫಲೊ. 2021ರ ಜೂನ್‌ನಲ್ಲಿ ನರ್ಸ್ ಆಗಿದ್ದ ಇಂಡಿಯಾ ವಾಲ್ಟನ್ ಅಲ್ಲಿನ ನಾಲ್ಕು ಅವಧಿಯ ಮೇಯರ್ ಬೈರನ್ ಬ್ರೌನ್ ಅವರನ್ನು ಪ್ರೈಮರಿಯಲ್ಲಿ ಸಾವಿರದಷ್ಟು ಮತಗಳಿಂದ ಸೋಲಿಸಿದರು. ಬ್ರೌನ್ ಪ್ರೈಮರಿಯನ್ನು ಗಂಭೀರವಾಗಿ ತೆಗೆದುಕೊಂಡೇ ಇರಲಿಲ್ಲ. ಸೋತ ಮೇಲೆ ಎಚ್ಚೆತ್ತರು. ಮತಪತ್ರದಲ್ಲಿ ಹೆಸರು ಸೇರಿಸುವ ಗಡುವು ಮುಗಿದಿತ್ತು. ಹೆಸರನ್ನು ಮತದಾರರೇ ಬರೆಯಬೇಕು. ಅವರ ತಂಡ ಬ್ರೌನ್ ಹೆಸರಿನ ರಬ್ಬರ್ ಮೊಹರುಗಳನ್ನೇ ಮಾಡಿಸಿ ಹಂಚಿತು. ನವೆಂಬರ್‌ನಲ್ಲಿ ನಡೆದ ಅಂತಿಮ ಚುನಾವಣೆಗೆ ಎಲ್ಲ ಪಕ್ಷದ ಮತದಾರರೂ ಬಂದಾಗ ಬ್ರೌನ್ 59 ಪ್ರತಿಶತದಷ್ಟು ಪಡೆದು ಗೆದ್ದರು. 2006ರಲ್ಲಿ ಕನೆಕ್ಟಿಕಟ್‌ನಲ್ಲೂ ಇದೇ ಕಥೆ. ಇರಾಕ್ ಯುದ್ಧದ ವಿರೋಧಿ ನೆಡ್ ಲಾಮಂಟ್ ಸೆನೆಟರ್ ಜೋ ಲೀಬರ್‌ಮನ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿದರು. ಲೀಬರ್‌ಮನ್ ಸ್ವತಂತ್ರರಾಗಿ ನಿಂತು ನವೆಂಬರ್‌ನಲ್ಲಿ ಹತ್ತು ಅಂಶಗಳಿಂದ ಗೆದ್ದರು. ಕ್ಯುಮೊ ಕೂಡ 2025ರಲ್ಲಿ ಇದೇ ದಾರಿ ಹಿಡಿದರು. ಅವರ ಲೆಕ್ಕ ಫಲಿಸಲಿಲ್ಲ, ಏಕೆಂದರೆ ನವೆಂಬರ್ 4ರಂದು 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದಾಗಲೂ ಮಮ್ದಾನಿ ಅರ್ಧಕ್ಕಿಂತ ತುಸು ಹೆಚ್ಚು ಪಡೆದಿದ್ದರು. 1969ರ ನಂತರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಅಷ್ಟು ಜನ ಮತ ಹಾಕಿರಲಿಲ್ಲ.

ಉತ್ಸಾಹ ಯಾರಲ್ಲಿಲ್ಲ ಎಂಬುದೂ ಮುಖ್ಯ. ಸ್ಯಾಂಡರ್ಸ್ ಎರಡು ಬಾರಿಯೂ ದಕ್ಷಿಣ ಕೆರೊಲಿನಾದಲ್ಲಿ ನೆಲ ಕಚ್ಚಿದರು. 2016ರಲ್ಲಿ ಅವರಿಗೆ ಸಿಕ್ಕಿದ್ದು 26 ಪ್ರತಿಶತ, 2020ರಲ್ಲಿ 20ರ ಆಸುಪಾಸು. ಅಲ್ಲಿನ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಅದರಲ್ಲೂ ಚರ್ಚಿಗೆ ಹೋಗುವ ಹಿರಿಯರು. ಕೆಟ್ಟ ಸರ್ಕಾರ ಬಂದರೆ ಮೊದಲ ಏಟು ಯಾರಿಗೆ ಬೀಳುತ್ತದೆ ಎಂದು ಅವರಿಗೆ ಅನುಭವದಿಂದ ಗೊತ್ತು. ಆದ್ದರಿಂದ ಗೆಲ್ಲುವವರು ಯಾರು ಎಂದು ನೋಡುತ್ತಾರೆ. ಇದನ್ನು ಉತ್ಸಾಹದ ಕೊರತೆ ಎಂದು ಕರೆಯುವ ಪ್ರಗತಿಪರರ ಅಹಂಕಾರವನ್ನು ನಾನು ಒಪ್ಪುವುದಿಲ್ಲ. ಮಮ್ದಾನಿಯವರೂ ಪ್ರೈಮರಿಯಲ್ಲಿ ಕಪ್ಪು ಮತ್ತು ಲ್ಯಾಟಿನೊ ಜನ ಹೆಚ್ಚಿರುವ ಬ್ರಾಂಕ್ಸ್ ಕಳೆದುಕೊಂಡಿದ್ದರು. ನವೆಂಬರ್‌ನಲ್ಲಿ ಅಲ್ಲಿ ಗೆದ್ದರು.

ಉತ್ಸಾಹ ಹಳಸುತ್ತದೆ ಎಂಬುದಕ್ಕೆ ಜಮಾಲ್ ಬೋಮನ್ ಉದಾಹರಣೆ. 2020ರಲ್ಲಿ ಹಿರಿಯ ಸಂಸದರೊಬ್ಬರನ್ನು ಪ್ರೈಮರಿಯಲ್ಲಿ ಸೋಲಿಸಿ ಬಂದ ಅವರನ್ನು 2024ರಲ್ಲಿ ಜಾರ್ಜ್ ಲ್ಯಾಟಿಮರ್ ಪ್ರೈಮರಿಯಲ್ಲೇ ಸೋಲಿಸಿದರು. ಇಸ್ರೇಲ್ ಪರ ಸೂಪರ್ ಪ್ಯಾಕ್ ಬೋಮನ್ ವಿರುದ್ಧ 1.4 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತ್ತು, ನಿಜ. ಲ್ಯಾಟಿಮರ್ ಕ್ಷೇತ್ರದ ಮನೆಮನೆಗೂ ಪರಿಚಿತರಾಗಿದ್ದರು ಎಂಬುದೂ ನಿಜ.

ಹಾಗೆಂದು ಸೋತ ಉತ್ಸಾಹ ವ್ಯರ್ಥ ಎಂದೂ ಅಲ್ಲ. 1968ರ ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿ ಪರ ದುಡಿಯಲು ಬಂದ ಕಾಲೇಜು ಹುಡುಗರು ಹಳ್ಳಿಯ ಹಿರಿಯರು ಬಾಗಿಲು ತೆರೆಯಲಿ ಎಂದು ಗಡ್ಡ ಬೋಳಿಸಿ, ಕೂದಲು ಕತ್ತರಿಸಿಕೊಂಡು ಹೋದರು. ಅಧ್ಯಕ್ಷ ಜಾನ್ಸನ್‌ಗೆ 49, ಮೆಕಾರ್ಥಿಗೆ 42 ಪ್ರತಿಶತ. ಮಾರ್ಚ್ ಮುಗಿಯುವಷ್ಟರಲ್ಲಿ ಜಾನ್ಸನ್ ಕಣದಿಂದಲೇ ಹಿಂದೆ ಸರಿದರು. ಆ ಗಡ್ಡ ಬೋಳಿಸಿದ ಹುಡುಗರಿಗೆ ಉತ್ಸಾಹ ಯಾರಿಗಾಗಿ ತೋರಿಸಬೇಕು ಎಂಬುದು ಗೊತ್ತಿತ್ತು.

ನಿಮ್ಮ ಸೋದರಳಿಯನ ವಿಷಯ. ಎಚ್‌-1ಬಿ ವೀಸಾದಲ್ಲಿರುವವರಿಗೆ ಮತವಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೂ ಇಲ್ಲ; ಅಂಥವರಿಗೆ ನಗರದ ಚುನಾವಣೆಯಲ್ಲಿ ಮತ ಕೊಡಲು ನ್ಯೂಯಾರ್ಕ್ ಮಾಡಿದ್ದ ಕಾನೂನನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ರದ್ದುಮಾಡಿತು. ಗ್ರೀನ್ ಕಾರ್ಡ್ ಇದ್ದವರು ದೇಣಿಗೆಯನ್ನಾದರೂ ಕೊಡಬಹುದು. ಎಚ್‌-1ಬಿಯವರು ಕೊಟ್ಟರೆ ಅದು ಕಾನೂನುಬಾಹಿರ. ಸಂಬಳವಿಲ್ಲದೆ ಸ್ವಯಂಸೇವಕನಾಗಿ ಬಾಗಿಲು ತಟ್ಟಲು ಮಾತ್ರ ಅಡ್ಡಿಯಿಲ್ಲ. ಅಮೆರಿಕದಲ್ಲಿರುವ ನಮ್ಮವರ ಉತ್ಸಾಹದಲ್ಲಿ ಬಹುಪಾಲು ಹೀಗೆ ಮತವಿಲ್ಲದ ಉತ್ಸಾಹ ಎಂಬುದನ್ನು ಇಲ್ಲಿಂದ ನೋಡುವ ನಾವು ಮರೆಯುತ್ತೇವೆ. ಅವನು ಒಂದು ಶನಿವಾರವಾದರೂ ಬಾಗಿಲು ತಟ್ಟಿದ್ದನೇ ಎಂದು ಕೇಳಿ. ತಟ್ಟಿದ್ದರೆ, ಒಂದು ಮತವಿದ್ದ ಸೋಮಾರಿಗಿಂತ ಅವನ ಕೊಡುಗೆ ದೊಡ್ಡದು.

ನಮ್ಮಲ್ಲಿ ಪ್ರೈಮರಿ ಏಕಿಲ್ಲ ಎಂದು ಕೇಳಿದ್ದೀರಿ. ಒಮ್ಮೆ ಇತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರ ಆಸಕ್ತಿಯಿಂದ ಕಾಂಗ್ರೆಸ್ ದೇಶದ ಆಯ್ದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಚುನಾವಣೆಯಲ್ಲಿ ಡಿ.ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್ ಎದುರು ಇಬ್ಬರೂ ಸೋತರು. ಪ್ರಯೋಗ ಅಲ್ಲಿಗೆ ನಿಂತಿತು. ಆದರೆ ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತ ಪ್ರತಿನಿಧಿಗಳು. ಕಾಂಗ್ರೆಸ್ಸಿಗೆ ಮತ ಹಾಕುವ ಸಾಮಾನ್ಯ ಮನುಷ್ಯನನ್ನು ಯಾರೂ ಕೇಳಲಿಲ್ಲ. ಹೊಸಬರನ್ನು ಪಟ್ಟಿಗೆ ತರಲು ಸಾಧ್ಯವಿಲ್ಲದ ಕಡೆ ಬಂಡಾಯಗಾರನ ಉತ್ಸಾಹಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ನಮ್ಮಲ್ಲಿ ಅದು ಟಿಕೆಟ್ ಹಂಚಿಕೆ ಮುಗಿದ ಮೇಲೆ ಪಕ್ಷೇತರ ಸ್ಪರ್ಧೆಯಾಗಿ ಹೊರಬರುತ್ತದೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರು 1.25 ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದದ್ದು ಸಿದ್ಧಾಂತದ ಹೋರಾಟವಲ್ಲ, ಆದರೆ ಟಿಕೆಟ್ ಕೊಟ್ಟವರ ತೀರ್ಮಾನದ ಮೇಲೆ ಮತದಾರರು ಕೊಟ್ಟ ತೀರ್ಪು ಅದರಲ್ಲಿ ಇದ್ದೇ ಇತ್ತು.

ಕನ್ನಡ ನಾಡಿಗೆ ನಂಟಿರುವ ನಿಜವಾದ ಪ್ರೈಮರಿ ಕಥೆ ಡೆಟ್ರಾಯಿಟ್‌ನಲ್ಲಿದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಗೆ ತಾವೇ ಪ್ರಗತಿಪರ ಎಂದು ಹೇಳಿಕೊಂಡು, ಬಹುಪಾಲು ಸ್ವಂತ ಹಣ ಹಾಕಿ ನಿಂತಿದ್ದರು. ಸ್ಯಾಂಡರ್ಸ್ ಮತ್ತು ಅಲೆಕ್ಸಾಂಡ್ರಿಯಾ ಬೆಂಬಲಿಸಿದ್ದು ಅವರನ್ನಲ್ಲ, ಅಬ್ದುಲ್ ಎಲ್-ಸೈಯದ್ ಅವರನ್ನು. ಗ್ರೆಚೆನ್ ವಿಟ್ಮರ್ 52 ಪ್ರತಿಶತ ಪಡೆದು ಗೆದ್ದರು. ಎಲ್-ಸೈಯದ್‌ಗೆ 30, ಠಾಣೇದಾರ್‌ಗೆ 18ರ ಹತ್ತಿರ. 2022ರಲ್ಲಿ ಒಂಬತ್ತು ಮಂದಿಯಿದ್ದ ಪ್ರೈಮರಿಯಲ್ಲಿ 28 ಪ್ರತಿಶತ ಪಡೆದು ಅವರು ಸಂಸತ್ತಿನ ಟಿಕೆಟ್ ಗೆದ್ದರು, ಸಂಸದರಾದರು. ಈಗ ಅವರೇ ಹಾಲಿ ಪ್ರತಿನಿಧಿ. 2025ರಲ್ಲಿ ಅವರ ವಿರುದ್ಧ ರಾಜ್ಯದ ಶಾಸಕ ಡೊನಾವನ್ ಮೆಕಿನ್ನಿ ಪ್ರಗತಿಪರ ಸ್ಪರ್ಧಿಯಾಗಿ ಪ್ರೈಮರಿ ಕಣಕ್ಕಿಳಿದರು, ಸ್ಯಾಂಡರ್ಸ್ ಬೆಂಬಲ ಈ ಬಾರಿಯೂ ಎದುರಾಳಿಗೇ.

ಅಲ್ಲಿನ ಸುದ್ದಿ ಓದುವಾಗ ನ್ಯೂಯಾರ್ಕ್‌ನ ಲೆಕ್ಕ ಹಿಡಿಯಬೇಡಿ. ಮಿಷಿಗನ್‌ನಲ್ಲಿ ಪಕ್ಷಕ್ಕೆ ಹೆಸರು ಬರೆಸುವ ಪದ್ಧತಿಯೇ ಇಲ್ಲ, ಮತದಾನದ ದಿನವೂ ಪಟ್ಟಿಗೆ ಸೇರಬಹುದು. ಗಡುವು ಯಾರ ಉತ್ಸಾಹವನ್ನೂ ತಡೆಯುವುದಿಲ್ಲ. ಆದ್ಯತಾ ಮತದಾನವೂ ಇಲ್ಲ, ಆದ್ದರಿಂದ ವಿರೋಧಿ ಮತ ಎಷ್ಟು ಹೋಳಾಗುತ್ತದೆ ಎಂಬುದೇ ಮೊದಲು ನೋಡಬೇಕಾದ ಸಂಗತಿ. ಸ್ಯಾಂಡರ್ಸ್ ಬಂದ ಸಭೆಗೆ ಎಷ್ಟು ಸಾವಿರ ಸೇರಿದರು ಎಂಬ ವರದಿಯನ್ನು ಬದಿಗಿಟ್ಟು, ದೇಣಿಗೆ ಕೊಟ್ಟವರಲ್ಲಿ ಆ ಕ್ಷೇತ್ರದ ನಿವಾಸಿಗಳು ಎಷ್ಟು, ಅಂಚೆ ಮತಪತ್ರ ಕೇಳಿದವರಲ್ಲಿ ಹಿಂದಿನ ಪ್ರೈಮರಿಯಲ್ಲಿ ಮತ ಹಾಕದವರು ಎಷ್ಟು, ಡೆಟ್ರಾಯಿಟ್‌ನ ಚರ್ಚುಗಳ ಹಿರಿಯರು ಯಾರ ಜೊತೆ ಕಾಣಿಸಿಕೊಳ್ಳುತ್ತಿದ್ದಾರೆ ಎಂಬ ವಿವರ ಎಲ್ಲಾದರೂ ಸಿಕ್ಕರೆ ಅದನ್ನು ಎರಡು ಸಲ ಓದಿ.